ಐದನೆಯ ಮಾತಿನ ಸರದಿ

ಡಯಾಲಿಸಿಸ್‌ಗೆ ಹೊಸದಾಗಿ ಬಂದವರು ಪಕ್ಕದ ಕುರ್ಚಿಯಲ್ಲಿರುವ ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ನೋವಾಗುತ್ತದೆಯೇ? ಆಗುತ್ತದೆ, ಸೂಜಿ ದಪ್ಪ, ಆದರೆ ಕೆಲವು ತಿಂಗಳಲ್ಲಿ ಅಭ್ಯಾಸವಾಗುತ್ತದೆ ಎನ್ನುತ್ತೇನೆ. ಅಭ್ಯಾಸವಾಗದವು ಇನ್ನೆರಡಿವೆ. ಅವನ್ನು ಮೊದಲ ದಿನವೇ ಹೇಳಿ ಹೆದರಿಸುವುದು ಬೇಡವೆಂದು ಸುಮ್ಮನಿರುತ್ತೇನೆ. ಒಂದು ಬಾಯಾರಿಕೆ, ಇನ್ನೊಂದು ಸುಸ್ತು. ಬಾಯಾರಿಕೆಯನ್ನಾದರೂ ಒಂದು ಚೂರು ಐಸು ಬಾಯಲ್ಲಿಟ್ಟು ಸ್ವಲ್ಪ ಹೊತ್ತು ಏಮಾರಿಸಬಹುದು. ಸುಸ್ತನ್ನು ಏಮಾರಿಸುವ ದಾರಿ ನನಗೆ ಇನ್ನೂ ಗೊತ್ತಾಗಿಲ್ಲ. ಇದನ್ನು ಬರೆಯುತ್ತಿರುವುದೂ ತುಂಡು ತುಂಡಾಗಿ, ಮಧ್ಯೆ ಮಧ್ಯೆ ಮಲಗಿ ಎದ್ದು.

ನನ್ನ ಹೆಸರು ಸತ್ಯಾನಂದ. ಉಡುಪಿ ಕಡೆಯ ಕ್ರೈಸ್ತ ಮನೆತನದವನು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ ಎಂದು ಬೆಳೆದವನು. ಹರೆಯದಲ್ಲೇ ಮುಂಬಯಿಗೆ ಬಂದು, ವಿಮಾನದಲ್ಲಿ ಬಂದ ಸರಕು ಬಿಡಿಸಿಕೊಡುವ ಆಫೀಸೊಂದಕ್ಕೆ ಸೇರಿ, ವಿಲೆ ಪಾರ್ಲೆಯಲ್ಲಿ ಮನೆ ಮಾಡಿದೆ. ಹೆಂಡತಿ ಸುಗುಣಾ ಗದಗ-ಬೆಟಗೇರಿಯವಳು, ಇಲ್ಲಿನ ಒಂದು ಶಾಲೆಯ ಆಫೀಸಿನಲ್ಲಿ ಕ್ಲರ್ಕು. ಮಗಳು ರೂತ್ ಪವಾಯಿಯ ಒಂದು ಆಫೀಸಿಗೆ ಹೋಗುತ್ತಾಳೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತನಾಡಲು ಹೊರಟರೆ ಮೂರನೆಯ ಶಬ್ದಕ್ಕೆ ಹಿಂದಿ ಬರುತ್ತದೆ.

ವಾರವೆಲ್ಲ ಪೆಟ್ಟಿಗೆ, ಬಿಲ್ಲು, ಕಸ್ಟಮ್ಸ್ ಎಂದು ಒದ್ದಾಡುತ್ತಿದ್ದ ನಾನು ಭಾನುವಾರ ಮಾತ್ರ ಬೇರೆ ಮನುಷ್ಯ. ನಮ್ಮ ಕನ್ನಡ ಸಭೆ ಚಿಕ್ಕದು. ಮರಾಠಿ ಸಭೆಯವರ ಚರ್ಚಿನಲ್ಲಿ, ಅವರಿಗೆ ಬೇಡದ ಹೊತ್ತಿನಲ್ಲಿ ನಾವು ಕೂಡುತ್ತೇವೆ. ಪಾದ್ರಿಗಳನ್ನು ನಾವು ಅಯ್ಯನವರು ಎಂದು ಕರೆಯುತ್ತೇವೆ. ಅಯ್ಯನವರು ಊರಲ್ಲಿಲ್ಲದ ಭಾನುವಾರ ಬೈಬಲಿನ ಮೇಲೆ ಪ್ರಸಂಗ ಮಾಡುತ್ತಿದ್ದುದು ನಾನು. ನಾನು ಚೆನ್ನಾಗಿ ಮಾತನಾಡುತ್ತಿದ್ದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದಿನದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ಕಾಯಿಲೆ ಮೊದಲು ಕಾಣಿಸಿದ್ದು ಕಾಲಿನಲ್ಲಿ. ಸಂಜೆ ಷೂ ಬಿಚ್ಚಿದರೆ ಸಾಕ್ಸಿನ ಗುರುತು ಆಳವಾಗಿ ಕೂತಿರುತ್ತಿತ್ತು. ನಿಂತು ಕೆಲಸ ಮಾಡುವವರಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡೆ. ಆಮೇಲೆ ಊಟ ಸೇರದಾಯಿತು, ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗೆ. ಸುಗುಣಾ ಮಾಡಿದ ಸಾರಿನಲ್ಲಿ ತಪ್ಪು ಹುಡುಕಿದೆ. ಅವಳು ಉಪ್ಪು ಹುಳಿ ಬದಲಿಸಿ ನೋಡಿದಳು, ಬೇಳೆ ಬದಲಿಸಿ ನೋಡಿದಳು. ಕೊನೆಗೊಂದು ದಿನ ಸಾರಿನ ಪಾತ್ರೆ ಬಿಟ್ಟು ನನ್ನ ಮುಖ ನೋಡಿದಳು, ಮರುದಿನವೇ ಡಾಕ್ಟರ ಬಳಿಗೆ ಹೊರಡಿಸಿದಳು.

ಆ ಕ್ಲಿನಿಕ್ಕಿನಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ಕಾಯುವವರೆಲ್ಲ ಅದನ್ನೇ ನೋಡುತ್ತ ಕೂರುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ರಿಪೋರ್ಟು ಬಂದ ದಿನ ಡಾಕ್ಟರು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು, ಎರಡೂ ಕಿಡ್ನಿ ಹೆಚ್ಚು ಕಡಿಮೆ ನಿಂತೇಹೋಗಿವೆ ಎಂದು. ರಕ್ತದೊತ್ತಡ ವರ್ಷಗಟ್ಟಲೆ ಸದ್ದಿಲ್ಲದೆ ಅವನ್ನು ತಿಂದುಹಾಕಿತ್ತಂತೆ. ಸುಗುಣಾ ಕೇಳಿದ್ದು ಒಂದೇ ಪ್ರಶ್ನೆ, ಡಯಾಲಿಸಿಸ್ ಎಲ್ಲಿಯವರೆಗೆ ಮಾಡಿಸಬೇಕು ಎಂದು. ಡಾಕ್ಟರು "ಹಮೇಶಾ" ಎಂದರು, ಇರುವವರೆಗೂ ಎಂದು. ಅವಳು ತಲೆಯಾಡಿಸಿದಳು. ಹೊರಗೆ ಬಂದು ರಸ್ತೆ ಬದಿಯ ಭಾಜಿಯವಳ ಹತ್ತಿರ ಮೆಂತ್ಯಸೊಪ್ಪು ಆರಿಸತೊಡಗಿದಳು, ಆರಿಸುತ್ತಲೇ ಇದ್ದಳು. ಭಾಜಿಯವಳು ಅವಳ ಕೈ ಹಿಡಿದು ಏನಾಯಿತೆಂದು ಮರಾಠಿಯಲ್ಲಿ ಕೇಳಿದಾಗ ಅಲ್ಲೇ ನಿಂತು ಅತ್ತಳು. ನನಗೆ ಕಾಣಲೆಂದು ಅತ್ತದ್ದಲ್ಲ ಅದು. ನಾನು ಚೀಲ ಹಿಡಿದುಕೊಂಡು ಸ್ವಲ್ಪ ದೂರ ನಿಂತಿದ್ದೆ.

ರೂತ್‌ಗೆ ಬಂದದ್ದು ಸಿಟ್ಟು. ಯಾಕೆ ಮೊದಲೇ ತೋರಿಸಲಿಲ್ಲವೆಂದು ನನ್ನ ಮೇಲೆ, ಯಾಕೆ ಬಿಟ್ಟೆಯೆಂದು ಅಮ್ಮನ ಮೇಲೆ. ಆಮೇಲೆ ಫೋನಿನಲ್ಲಿ ಹುಡುಕಿ ಹುಡುಕಿ, ತನ್ನದೊಂದು ಕಿಡ್ನಿ ಕೊಡುತ್ತೇನೆ ಎಂದಳು. ಸುಗುಣಾ ಕೊಡುವ ಹಾಗಿರಲಿಲ್ಲ, ಅವಳಿಗೆ ಸಕ್ಕರೆ ಕಾಯಿಲೆ. ರೂತಳದು ಬೇಡವೆಂದೆ. ಈಗಲೂ ಬೇಡವೆನ್ನುತ್ತೇನೆ. ಕೆಳಗೆ ನನ್ನ ಅಹಂಕಾರದ ಬಗ್ಗೆ ಬಹಳ ಬರೆಯಲಿದ್ದೇನೆ, ಆದರೆ ಇದನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಅಪ್ಪನಾದವನು ಕೆಲವಕ್ಕೆ ಬೇಡವೆನ್ನಬೇಕಾಗುತ್ತದೆ.

ಮನೆಯ ಅಡುಗೆ ಬದಲಾಯಿತು. ತರಕಾರಿ ಹೆಚ್ಚಿ ನೆನೆಹಾಕಿ, ಬೇಯಿಸಿ ಆ ನೀರು ಚೆಲ್ಲಿ, ಮತ್ತೆ ಬೇಯಿಸುವುದು. ತೆಂಗಿನಕಾಯಿ ಇಲ್ಲ, ಎಳನೀರು ಇಲ್ಲ, ಉಪ್ಪಿನಕಾಯಿ ಇಲ್ಲ. ಕರಾವಳಿಯವನಿಗೆ ಇವು ಮೂರೂ ಹೋದ ಮೇಲೆ ಊಟವೆಂದು ಉಳಿಯುವುದು ಬಟ್ಟಲು ಮಾತ್ರ. ಬೆಳಗ್ಗೆ ಸುಗುಣಾ ಒಂದು ಬಾಟಲಿ ತುಂಬಿಸಿಡುತ್ತಾಳೆ, ಅದೇ ಇಡೀ ದಿನಕ್ಕೆ ನನ್ನ ಪಾಲಿನ ನೀರು. ಚಹಾ ಕುಡಿದರೆ ಅಷ್ಟನ್ನು ಬಾಟಲಿಯಿಂದ ಚೆಲ್ಲಬೇಕು. ಮುಂಬಯಿಯ ಮೇ ತಿಂಗಳಲ್ಲಿ ಆ ಬಾಟಲಿಯ ಮುಂದೆ ಕೂತು ನೋಡಿ, ಗೊತ್ತಾಗುತ್ತದೆ. ಪಕ್ಕದ ಮನೆಯ ನಲ್ಲಿ ಬಿಟ್ಟ ಸದ್ದು ಕೇಳಿದರೂ ಗಂಟಲು ಅತ್ತ ಹೋಗುತ್ತದೆ.

ಚರ್ಚಿನಲ್ಲಿ ಹೇಳಲು ನಾನು ತಡಮಾಡಿದೆ. ರೋಗಿಗಳ ಹೆಸರು ಹೇಳಿ ಪ್ರಾರ್ಥಿಸುವುದು ನನ್ನ ಕೆಲಸವಾಗಿತ್ತು, ಆ ಹೆಸರುಗಳ ನಡುವೆ ನನ್ನದೂ ಬರುವುದು ಯಾಕೋ ಒಗ್ಗಲಿಲ್ಲ. ಕೊನೆಗೆ ಹೇಳಿದಾಗಲೂ ಸುಮ್ಮನೆ ಹೇಳಲಿಲ್ಲ, ವೇದಿಕೆಯಿಂದ ಸಾಕ್ಷಿಯಾಗಿ ಹೇಳಿದೆ. ದೇವರ ಚಿತ್ತ, ಕುಂಬಾರನ ಕೈಯ ಮಣ್ಣು, ಎಲ್ಲ ಬಂತು. ಹೆಂಗಸರು ಕಣ್ಣೊರೆಸಿಕೊಂಡರು. ಎಂಥ ವಿಶ್ವಾಸ ಸತ್ಯಣ್ಣನದು ಎಂದರು. ಅಯ್ಯನವರು, ಡಯಾಲಿಸಿಸ್‌ಗೆ ಜೊತೆಗೆ ಹೋಗಿಬರಲು ಸಭೆಯ ಯಾರನ್ನಾದರೂ ಕಳಿಸುತ್ತೇನೆ ಎಂದರು. ಇನ್ನೂ ಅಷ್ಟೆಲ್ಲ ಆಗಿಲ್ಲ ಎಂದು ನಕ್ಕೆ. ಸುಗುಣಾ ರಜೆ ಹಾಕುತ್ತೇನೆ ಎಂದಾಗಲೂ, ರೂತ್ ಬರುತ್ತೇನೆ ಎಂದಾಗಲೂ ಅದೇ ಮಾತು. ಎಲ್ಲರ ಹತ್ತಿರವೂ ಹೀಗೆ ನಕ್ಕು ನಕ್ಕು ನಾನು ಒಬ್ಬನೇ ಹೋಗುವ ಹಾಗೆ ಮಾಡಿಕೊಂಡೆ.

ಸೋಮವಾರ, ಗುರುವಾರ ನನ್ನ ದಿನಗಳು. ದಾದರಿನಲ್ಲಿ ಒಂದು ಟ್ರಸ್ಟಿನವರ ಸೆಂಟರು. ಮೊದಲು ತೂಕ, ಆಮೇಲೆ ಕಾಯುವುದು, ಆಮೇಲೆ ಸೂಜಿ, ಮತ್ತೆ ನಾಲ್ಕು ಗಂಟೆ ನನ್ನ ರಕ್ತ ಹೊರಗೆ ಹೋಗಿ ಒಳಗೆ ಬರುವುದು. ಕೊನೆಗೆ ಮತ್ತೆ ತೂಕ. ಇಳಿದ ತೂಕವೆಲ್ಲ ನೀರು. ಮೀನಖಂಡ ಹಿಡಿದುಕೊಂಡರೆ ಟೆಕ್ನಿಶಿಯನ್ ಬಂದು ಪಾದವನ್ನು ಒತ್ತಿ ಹಿಡಿಯುತ್ತಾನೆ, ಚಳಿ ಹತ್ತಿದರೆ ಇನ್ನೊಂದು ಕಂಬಳಿ ಹೊದಿಸುತ್ತಾನೆ. ಅಲ್ಲಿನ ಉಪಕಾರಗಳು ಇಷ್ಟಿಷ್ಟೇ, ಆದರೆ ಆ ಹೊತ್ತಿಗೆ ಅವು ಬಹಳ ದೊಡ್ಡವು.

ನನ್ನ ಪಕ್ಕದ ಕುರ್ಚಿ ಭೋಜ ಪೂಜಾರಿಯವರದು. ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂತು ಹಣ್ಣಾದವರು, ಮೂಲ್ಕಿ ಕಡೆಯವರು. ಇಬ್ಬರೂ ತುಳುವಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದು ಹಿಂದಿಯಲ್ಲಿ ಮುಗಿಸುತ್ತಿದ್ದೆವು. ಈ ಮನುಷ್ಯನಿಗೆ ಕೇಳಲು ಯಾವ ಸಂಕೋಚವೂ ಇರಲಿಲ್ಲ. ಗುರುತಿಲ್ಲದವರ ಹತ್ತಿರ ಚೀಲ ಹಿಡಿಯಿರಿ ಎನ್ನುವರು, ಮೆಟ್ಟಿಲಿನ ಬುಡದಲ್ಲಿ ನಿಂತು ಯಾರನ್ನಾದರೂ ಕೈ ಕೊಡಿ ಎನ್ನುವರು. ಲೋಕಲ್ ರೈಲು ಹತ್ತಿದ ಕೂಡಲೇ ಬೆಂಚಿನವರಿಗೆ ಸರಿಯಿರಿ ಎನ್ನುವರು. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವನು ಬಂದು ಕೇಳಿದರೆ ಮೂವರೂ ಸ್ವಲ್ಪ ಸ್ವಲ್ಪ ಸರಿಯುತ್ತಾರೆ, ಅವನು ಅಂಚಿನಲ್ಲಿ ಅರ್ಧ ಕೂರುತ್ತಾನೆ. ಈ ಊರಿನ ನ್ಯಾಯ ಅದು. ಆದರೆ ಕೇಳಬೇಕು. ಕೇಳದವನಿಗೆ ಯಾರೂ ತಾವಾಗಿ ಸರಿಯುವುದಿಲ್ಲ.

ನಾನು ಕೇಳುತ್ತಿರಲಿಲ್ಲ. ಡಯಾಲಿಸಿಸ್ ಮುಗಿಸಿ ಹಿಂಡಿದ ಬಟ್ಟೆಯ ಹಾಗೆ ಬಂದರೂ ಕಂಬಿ ಹಿಡಿದು ನಿಂತೇ ಪಾರ್ಲೆಗೆ ಬರುತ್ತಿದ್ದೆ. ಒಮ್ಮೆ ದಾದರಿನ ಸೇತುವೆಯ ಮೇಲೆ ಕಣ್ಣು ಕತ್ತಲೆಯಾಗಿ ಹೂವಿನವರ ನಡುವೆ ಕೂತುಬಿಟ್ಟೆ. ಕುಡಿದಿದ್ದಾನೆ ಎಂದುಕೊಂಡು ಜನ ಸುತ್ತು ಬಳಸಿ ಹೋದರು. ಅದನ್ನು ಮನೆಯಲ್ಲಿ ಹೇಳಲಿಲ್ಲ. ಭೋಜಣ್ಣನಿಗೆ ಹೇಳಿದೆ. ಅವರು ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು.

"ಕೇಳಿದ್ರೆ ಎಂತ, ನಿಮ್ಮ ತಲೆ ಮೇಲಿನ ಕಿರೀಟ ಬೀಳ್ತದಾ ಸತ್ಯಣ್ಣ?"

ನಾನು ನಗಾಡಿ ಮಾತು ತೇಲಿಸಿದೆ.

ಇಷ್ಟರಲ್ಲಿ ಶುಭ ಶುಕ್ರವಾರ ಹತ್ತಿರ ಬಂತು. ಯೇಸು ಶಿಲುಬೆಯ ಮೇಲಿಂದ ಏಳು ಮಾತುಗಳನ್ನಾಡಿದನು. ಆ ದಿನ ನಮ್ಮ ಸಭೆಯಲ್ಲಿ ಒಂದೊಂದು ಮಾತಿನ ಮೇಲೆ ಒಬ್ಬೊಬ್ಬರು ಮಾತನಾಡುವ ವಾಡಿಕೆ. ಅಯ್ಯನವರಲ್ಲ, ಸಭೆಯ ಜನರೇ. ಕ್ಷಮೆಯ ಮಾತಿಗೆ, ಕೊನೆಯ ಸಮರ್ಪಣೆಯ ಮಾತಿಗೆ ಬೇಡಿಕೆ ಜಾಸ್ತಿ. ಐದನೆಯದು ಯಾರಿಗೂ ಬೇಡ. ತನಗೆ ಬಾಯಾರಿದೆ ಎಂದು ಅವನು ಹೇಳಿದ್ದು ಅಷ್ಟೇ, ಅದರಲ್ಲಿ ಎಳೆದು ಬೆಳೆಸಲು ಏನಿದೆ ಎಂದು ಎಲ್ಲರೂ ಜಾರಿಕೊಳ್ಳುತ್ತಾರೆ. ಆ ವರ್ಷ ಅಯ್ಯನವರು ಅದನ್ನು ನನಗೇ ಕೊಟ್ಟರು. ಸಭೆಯಲ್ಲಿ ಒಂದು ಗುಸುಗುಸು ಎದ್ದಿತು. ದಿನಾ ಬಾಯಾರುವ ಮನುಷ್ಯ ಬಾಯಾರಿಕೆಯ ಮೇಲೆ ಮಾತನಾಡುತ್ತಾನೆ, ಅದೂ ಸತ್ಯಣ್ಣ. ಇದಕ್ಕಿಂತ ಇನ್ನೇನು ಬೇಕು?

ನನಗೂ ಹಾಗೆಯೇ ಅನ್ನಿಸಿತ್ತು. ಕಾಯಿಲೆ ಬಂದ ಮೇಲೆ ನಾನು ಖುಷಿಯಾಗಿ ಕೂತು ಮಾಡಿದ ಮೊದಲ ಕೆಲಸ ಆ ಪ್ರಸಂಗದ ತಯಾರಿ. ದೇಹದ ದಾಹ, ಆತ್ಮದ ದಾಹ, ಲೋಕದ ದಾಹ ಎಂದು ಮೂರು ಭಾಗ ಮಾಡಿದೆ. ಮೆಷಿನ್ನಿಗೆ ಕಟ್ಟಿಸಿಕೊಂಡು ಮಲಗಿದಾಗ ಭೋಜಣ್ಣನ ಮುಂದೆ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿದರು. ಆಮೇಲೆ, ಯೇಸು ನೀರು ಕೇಳಿದ್ದು ಯಾರ ಹತ್ತಿರ ಎಂದರು. ಕೆಳಗೆ ಕಾವಲಿದ್ದ ಸಿಪಾಯಿಗಳು ಹುಳಿರಸ ಕೊಟ್ಟರು ಎಂದೆ.

"ಮೊಳೆ ಹೊಡೆದವರೇ?"

"ಹೌದು, ಅವರೇ."

"ಅಯ್ಯೋ ದೇವರೇ," ಎಂದರು ಭೋಜಣ್ಣ, ಮತ್ತೆ ನಿದ್ದೆಹೋದರು. ನನ್ನ ಮೂರು ಭಾಗಗಳ ಬಗ್ಗೆ ಅವರು ಏನೂ ಹೇಳಲಿಲ್ಲವೆಂದು ನನಗೆ ಸ್ವಲ್ಪ ಬೇಸರವಾಯಿತು.

ಈಗ ನಾನು ಮಾಡಿದ ಎಡವಟ್ಟಿಗೆ ಬರುತ್ತೇನೆ. ಶುಕ್ರವಾರದ ಹಿಂದಿನ ದಿನ ಗುರುವಾರ, ನನ್ನ ಡಯಾಲಿಸಿಸ್ಸಿನ ದಿನ. ಮಾಡಿಸಿಕೊಂಡ ಮರುದಿನ ನಾನು ಯಾವುದಕ್ಕೂ ಬಾರದವನು. ತಲೆ ಖಾಲಿ, ಸ್ವರ ಖಾಲಿ. ವರ್ಷಕ್ಕೊಮ್ಮೆ ಬರುವ ಬೆಳಗು ಅದು, ಹಾಗೆ ನಿಂತರೆ ಹೇಗೆ ಎಂದು ಯೋಚಿಸಿದೆ. ಸೆಂಟರಿಗೆ ಫೋನು ಮಾಡಿ ಚರ್ಚಿನ ಕೆಲಸವಿದೆ, ಶನಿವಾರ ಬರುತ್ತೇನೆ ಎಂದೆ. ಅಲ್ಲಿಯವರು ಬೇಡ ಕಾಕಾ, ಗ್ಯಾಪ್ ಜಾಸ್ತಿಯಾಗುತ್ತದೆ ಎಂದರು. ದೇವರ ಕೆಲಸಕ್ಕೆ ಹೋಗುವವನನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ನನ್ನೊಳಗೆ ನಾನೇ ತೀರ್ಮಾನ ಮಾಡಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಗುರುವಾರ ಎಂದಿನ ಹೊತ್ತಿಗೆ ಚೀಲ ಹಿಡಿದು ಹೊರಟೆ. ಸ್ಲೋ ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ದಾದರ್ ಬಂತು, ಇಳಿಯಲಿಲ್ಲ. ಚರ್ಚ್‌ಗೇಟ್‌ವರೆಗೆ ಹೋದೆ, ಅದೇ ಗಾಡಿಯಲ್ಲಿ ಕೂತು ವಾಪಸು ಬಂದೆ, ಮತ್ತೆ ಹೋದೆ. ಮನಸ್ಸಿನಲ್ಲೇ ಪ್ರಸಂಗ ತಿದ್ದುತ್ತಿದ್ದೆ. ಸೆಕೆ ಬಹಳವಿತ್ತು. ನಿಲ್ದಾಣದಲ್ಲಿ ಒಂದು ಬಾಟಲಿ ತಣ್ಣನೆಯ ನೀರು ಕೊಂಡು, ಹೇಗೂ ಶನಿವಾರ ಎಲ್ಲ ಹೊರಗೆ ಹೋಗುತ್ತದಲ್ಲ ಎಂದು ಮುಕ್ಕಾಲು ಬಾಟಲಿ ಕುಡಿದೆ. ಎಷ್ಟೋ ಕಾಲದ ಮೇಲೆ ಗಂಟಲು ತುಂಬಾ ನೀರು. ಅದರ ರುಚಿ ಈಗಲೂ ನೆನಪಿದೆ. ದಾಹದ ಪ್ರಸಂಗದ ಉಮೇದಿನಲ್ಲಿ ನಾನು ನೀರು ಕುಡಿಯುತ್ತಿದ್ದೇನೆ ಎಂಬುದು ಆಗ ತಲೆಗೆ ಹೊಳೆಯಲೇ ಇಲ್ಲ.

ಸಂಜೆ ಸುಗುಣಾ ಅಡುಗೆಮನೆಯಿಂದಲೇ ಎಂದಿನಂತೆ, ಎಷ್ಟು ಇಳಿಯಿತು ಎಂದು ಕೇಳಿದಳು. ಎರಡು ಕಿಲೋ ಎಂದೆ. ತುಂಬುತೋಳಿನ ಅಂಗಿ ಹಾಕಿದ್ದೆ, ಸೂಜಿ ಚುಚ್ಚಿದಲ್ಲಿ ಇರಬೇಕಾದ ಪಟ್ಟಿ ಕೈಯಲ್ಲಿ ಇಲ್ಲದ್ದು ಕಾಣಲಿಲ್ಲ. ಅವಳು ಗುರುವಾರದ ಆರಾಧನೆಗೆ ಹೋದಳು, ನಾನು ಡಯಾಲಿಸಿಸ್ಸಿನ ದಿನ ಮಲಗುವಂತೆ ಮಲಗಿದೆ. ಮಲಗಿದರೆ ಎದೆ ಕಟ್ಟುತ್ತಿತ್ತು. ದಿಂಬಿನ ಮೇಲೆ ದಿಂಬು ಇಟ್ಟುಕೊಂಡೆ, ಅವಳು ಬಂದು ಕೇಳಿದರೆ ಗ್ಯಾಸು ಎಂದೆ.

ನಮ್ಮ ಆರಾಧನೆ ಬೆಳಗ್ಗೆ ಎಂಟಕ್ಕೆ. ಮಧ್ಯಾಹ್ನ ಮರಾಠಿ ಸಭೆಯವರದು, ಅಷ್ಟರೊಳಗೆ ನಾವು ಬಿಟ್ಟುಕೊಡಬೇಕು. ಎಲ್ಲರೂ ಬಿಳಿ ಉಟ್ಟು ಬಂದಿದ್ದರು, ರೂತ್ ಕೂಡ ರಜೆಯೆಂದು ಬಂದು ಹಿಂದೆ ಗೆಳತಿಯರ ಜೊತೆ ಕೂತಿದ್ದಳು. ಮೊದಲ ಮಾತು, ಎರಡನೆಯದು, ಮೂರನೆಯದು ಮುಗಿದವು. ಒಬ್ಬೊಬ್ಬರು ಮಾತನಾಡುವಾಗಲೂ ನಾನು ಕೇಳಿಸಿಕೊಳ್ಳುವುದು ಬಿಟ್ಟು ನನ್ನ ಉಸಿರನ್ನೇ ನೋಡಿಕೊಳ್ಳುತ್ತಿದ್ದೆ. ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದು ಉಸಿರೆಳೆದ ಹಾಗೆ ಆಗುತ್ತಿತ್ತು. ನಾಲ್ಕನೆಯದು ಮುಗಿದು ಕೀರ್ತನೆ ಹಾಡಿದರು. ನನ್ನ ಸರದಿ ಬಂತು. ಪ್ರಸಂಗಪೀಠಕ್ಕೆ ಇರುವುದು ನಾಲ್ಕೇ ಮೆಟ್ಟಿಲು. ಹತ್ತಿ ಮೈಕಿನ ಮುಂದೆ ನಿಂತಾಗ ನನ್ನ ಉಸಿರಿನ ಸದ್ದೇ ಮೈಕಿನಲ್ಲಿ ಚರ್ಚಿನ ತುಂಬಾ ಕೇಳಿಸಿತು.

ಹೇಳಬೇಕಾದದ್ದೆಲ್ಲ ನೆನಪಿತ್ತು. ಮರೆತುಹೋಗಿದ್ದರೆ ಚೆನ್ನಾಗಿತ್ತು. ಒಂದು ಉಸಿರಿಗೆ ಮೂರು ಶಬ್ದ ಮಾತ್ರ ಬರುತ್ತಿತ್ತು, ಮೂರು ಭಾಗದ ಪ್ರಸಂಗಕ್ಕೆ ಅದು ಎಲ್ಲಿ ಸಾಲಬೇಕು. ಮುಂದಿನ ಸಾಲಿನಲ್ಲಿ ಜನ ತಲೆ ಎತ್ತಿ ಕಾಯುತ್ತಿದ್ದರು. ಮೊದಲ ಸಲ ನನಗೆ ಸಾವಿನ ಭಯವಾಯಿತು, ಕ್ಲಿನಿಕ್ಕಿನಲ್ಲಿ ಆಗದ್ದು, ಸೇತುವೆಯ ಮೇಲೆ ಆಗದ್ದು.

"ನಾನು ನಿನ್ನೆ ಡಯಾಲಿಸಿಸ್‌ಗೆ ಹೋಗಲಿಲ್ಲ," ಎಂದೆ. "ಉಸಿರು ಬರ್ತಾ ಇಲ್ಲ. ಯಾರಾದ್ರೂ ನನ್ನನ್ನು ಕರ್ಕೊಂಡು ಹೋಗಿ."

ಯಾರೂ ಕದಲಲಿಲ್ಲ. ಅವರ ತಪ್ಪಿಲ್ಲ. ಸತ್ಯಣ್ಣನ ಪ್ರಸಂಗಗಳು ಹಾಗೆಯೇ ಶುರುವಾಗುತ್ತಿದ್ದವು, ಯಾವುದಾದರೂ ಒಂದು ಬೆಚ್ಚಿಬೀಳಿಸುವ ಮಾತಿನಿಂದ. ಎರಡನೆಯ ಸಾಲಿನ ಹಿರಿಯರೊಬ್ಬರು, ಆಹಾ ಎಂಬಂತೆ ತಲೆದೂಗಿದರು ಕೂಡ. ಮುಂದಿನ ವಾಕ್ಯಕ್ಕಾಗಿ ಎಲ್ಲರೂ ಕಾಯುತ್ತಿದ್ದರು. ಇಷ್ಟು ವರ್ಷ ನಾನು ಕಟ್ಟಿದ್ದ ಮಾತು ಈಗ ನನ್ನ ಬಾಗಿಲಿಗೇ ಅಡ್ಡ ನಿಂತಿತ್ತು. ಪೀಠದ ಅಂಚು ಹಿಡಿದುಕೊಂಡು ಎರಡನೆಯ ಸಲ ಕೇಳಿದೆ.

"ಇದು ಪ್ರಸಂಗ ಅಲ್ಲ. ನನಗೆ ಸಹಾಯ ಬೇಕು."

ಸುಗುಣಾ ಹಾಡುವವರ ಸಾಲಿನಿಂದ ಎದ್ದದ್ದು ಕಂಡಿತು. ಆಮೇಲಿನದು ಚೂರು ಚೂರು ನೆನಪು. ಅಯ್ಯನವರ ಕುರ್ಚಿಯಲ್ಲೇ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹೊರಗೆ ತಂದರು. ಅಂಗಳದಲ್ಲಿ ಮರಾಠಿ ಸಭೆಯವರು ತಮ್ಮ ಆರಾಧನೆಗೆ ಬೇಗನೇ ಬಂದು ಹೂ ಇಳಿಸುತ್ತಿದ್ದರು. ಅವರಲ್ಲೊಬ್ಬರು ಕಾರಿನ ಹಿಂದಿನ ಸೀಟಿನಿಂದ ಹೂಬುಟ್ಟಿ ಕೆಳಗೆ ಸರಿಸಿ ಬಾಗಿಲು ತೆಗೆದರು. ಯಾರು, ಏನು ಎಂದು ಕೇಳಲಿಲ್ಲ.

ಕಾರಿನಲ್ಲಿ ಸುಗುಣಾ ನನ್ನ ತೋಳಿನ ಗುಂಡಿ ಬಿಚ್ಚಿ ಅಂಗಿ ಮೇಲೆ ಸರಿಸಿದಳು. ಪಟ್ಟಿ ಇರಲಿಲ್ಲ. ತೋಳನ್ನು ಮತ್ತೆ ಕೆಳಗೆಳೆದು ಗುಂಡಿ ಹಾಕಿದಳು. ಅವಳ ಬಾಯಿಂದ ಬೈಗಳು ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

"ನಾ ಬರ್ತೀನಿ ಅಂದ್ರ ಬ್ಯಾಡಂದ್ರಿ," ಎಂದಳು. "ಮ್ಯಾಲ ರೂತ್ ಬರ್ತಾಳ ಅಂದ್ರ ಅಕೀನೂ ಬ್ಯಾಡಂದ್ರಿ. ನಮಗ ಏನ್ ಉಳಿಸೀರಿ ನೀವು? ಬರೇ ನಿಮ್ಮ ಪ್ರಸಂಗ ಕೇಳೋದಷ್ಟನ?"

ನಾನು ಕಿಟಕಿಗೆ ತಲೆ ಒರಗಿಸಿ ಉಸಿರು ಎಳೆದುಕೊಳ್ಳುತ್ತಿದ್ದೆ.

ದಾದರಿನಲ್ಲಿ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿ ನೇರವಾಗಿ ಮೆಷಿನ್ನಿಗೆ ಕಟ್ಟಿದರು. ಟೆಕ್ನಿಶಿಯನ್ ಸಿಟ್ಟಿನಲ್ಲೇ ಸೂಜಿ ಚುಚ್ಚಿದ. ಶ್ವಾಸಕೋಶದಲ್ಲಿ ನೀರು ತುಂಬಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಸುಗುಣಾಳಿಗೆ ಹೇಳುವುದು ಪರದೆಯ ಆಚೆಯಿಂದ ಕೇಳಿಸಿತು. ಎದೆಯ ತುಂಬಾ ನೀರು ಹೊತ್ತುಕೊಂಡು ನಾನು ದಾಹದ ಮೇಲೆ ಮಾತನಾಡಲು ನಿಂತಿದ್ದೆ. ನಗು ಬರಬೇಕಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು.

ರೂತ್ ಇನ್ನೊಂದು ಗಾಡಿಯಲ್ಲಿ ಹಿಂದೆಯೇ ಬಂದಿದ್ದಳು. ಕಾಲ ಬಳಿ ಕೂತು, ಕಂಬಳಿಯ ಹೊರಗಿದ್ದ ನನ್ನ ಪಾದಗಳಿಗೆ ತನ್ನ ಬಿಳಿ ದುಪಟ್ಟಾ ಸುತ್ತಿದಳು. "ಪಪ್ಪಾ, ಏಕ್ ಬಾರ್ ಬೋಲ್ನಾ ಥಾ," ಎಂದಳು, ಒಂದು ಸಲ ಹೇಳಬೇಕಿತ್ತು ಎಂದು. "ನಾನು ಬರ್ತಿದ್ದೆ ನಾ." ಅಷ್ಟು ಹೇಳಿ ಮುಖ ತಿರುಗಿಸಿಕೊಂಡಳು.

ಆ ನಾಲ್ಕು ಗಂಟೆ ನನಗೆ ಮಾಡಲು ಏನೂ ಇರಲಿಲ್ಲ. ನಮ್ರತೆಯ ಬಗ್ಗೆ ನಾನು ಎಷ್ಟು ಸಲ ಪ್ರಸಂಗ ಮಾಡಿರಬಹುದೋ ಲೆಕ್ಕವಿಲ್ಲ. ನನ್ನ ಪ್ರಸಂಗದ ನಮ್ರತೆಯಲ್ಲಿ ಯಾವಾಗಲೂ ಒಬ್ಬ ದೊಡ್ಡವನಿರುತ್ತಿದ್ದ. ಅವನು ಬಗ್ಗುತ್ತಿದ್ದ, ಕಾಲು ತೊಳೆಯುತ್ತಿದ್ದ, ಕೊನೆಯ ಸಾಲಿನಲ್ಲಿ ಕೂರುತ್ತಿದ್ದ, ಜನ ಅವನನ್ನು ನೋಡುತ್ತಿದ್ದರು. ಕೊಡುವವನ ನಮ್ರತೆ ಅದು. ಬೇಕು ಎಂದು ಕೈ ಚಾಚುವುದನ್ನು ಅದರಲ್ಲಿ ಸೇರಿಸಿರಲಿಲ್ಲ. ಭೋಜಣ್ಣನ ಪ್ರಶ್ನೆ ನೆನಪಾಯಿತು. ಬಾಯಾರಿದೆ ಎಂದು ಯೇಸು ಹೇಳಿದ್ದು ಮೊಳೆ ಹೊಡೆದವರಿಗೆ. ಅವರು ಕೊಟ್ಟದ್ದು ಹುಳಿ, ಅದನ್ನೂ ತೆಗೆದುಕೊಂಡನು. ನಾನು ಬೆಂಚಿನ ಮೇಲೆ ಕೂತ ಮೂವರನ್ನು ಸರಿಯಿರಿ ಎನ್ನಲಾರದೆ ನಿಂತಿದ್ದವನು, ಅವನ ಮಾತನ್ನು ವಿವರಿಸಲು ಹೊರಟಿದ್ದೆ.

ಇದನ್ನು ಜ್ಞಾನೋದಯ ಎಂದು ಕರೆಯಲು ನನಗೆ ಹೆದರಿಕೆ. ಹಾಗೆ ಕರೆದ ಕೂಡಲೇ ಅದು ಇನ್ನೊಂದು ಪ್ರಸಂಗವಾಗಿಬಿಡುತ್ತದೆ. ದೇವರ ವಿಷಯದಲ್ಲಿ ನನಗೆ ತಿಳಿದಿದೆ ಎಂದುಕೊಂಡಿದ್ದು ಆ ದಿನ ಬಹಳ ಕಡಿಮೆಯಾಯಿತು, ಉಳಿದದ್ದರ ಮೇಲೆ ಮಾತ್ರ ಭಾರ ಹಾಕಿ ಕೂರಬಹುದು ಅನ್ನಿಸಿತು. ನಾನು ನಮ್ರತೆಯನ್ನು ಆರಿಸಿಕೊಳ್ಳಲಿಲ್ಲ. ನಿಂತುಕೊಳ್ಳಲು ಶಕ್ತಿಯಿಲ್ಲದೆ ಅದರ ಮೇಲೆ ಕುಸಿದೆ.

ಸೋಮವಾರ ಬೆಳಗ್ಗೆ ಸುಗುಣಾ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಬೇಡವೆನ್ನದೆ ಜೊತೆಗೆ ಹೊರಟೆ. ಗುರುವಾರಗಳಿಗೆ ಸಭೆಯವರ ಸರದಿಯನ್ನು ಅವಳೇ ಫೋನಿನಲ್ಲಿ ಗೊತ್ತುಮಾಡಿದಳು. ಜೊತೆಗೆ ಜನ ಬರುವುದು ಸುಖದ ವಿಷಯವೆಂದು ನಿಮಗೆ ಅನ್ನಿಸಿದರೆ, ಅದೂ ಒಂದು ದಣಿವೇ. ಒಬ್ಬರು ದಾರಿಯುದ್ದಕ್ಕೂ ತಮ್ಮ ಮೊಣಕಾಲಿನ ಕಥೆ ಹೇಳುತ್ತಾರೆ. ಇನ್ನೊಬ್ಬರು ನನ್ನನ್ನು ಮೆಷಿನ್ನಿಗೆ ಹಾಕಿದ ಕೂಡಲೇ ಹೊರಗೆ ಗೊರಕೆ ಹೊಡೆಯುತ್ತಾರೆ, ಅವರನ್ನು ಎಬ್ಬಿಸಿ ಕರೆದುಕೊಂಡು ಬರುವವನು ನಾನು. ಒಬ್ಬ ಅಮ್ಮ ನಾಲ್ಕು ಗಂಟೆಯೂ ನನ್ನ ಕೈ ಬಿಡುವುದಿಲ್ಲ, ಪ್ರಾರ್ಥನೆಯನ್ನೂ ನಿಲ್ಲಿಸುವುದಿಲ್ಲ. ಭೋಜಣ್ಣನಿಗೆ ಮಾತ್ರ ಇವರೆಲ್ಲ ಬಹಳ ಇಷ್ಟ. ನಿಮ್ಮ ಚರ್ಚಿನವರು ಒಳ್ಳೆಯ ಜನ, ಮುಂದಿನ ವಾರ ಯಾರು ಎಂದು ಕೇಳುತ್ತಾರೆ. ಪ್ರಸಂಗ ಏನಾಯಿತು ಎಂದು ಅವರು ಕೇಳಿದಾಗ ನಡೆದದ್ದೆಲ್ಲ ಹೇಳಿದ್ದೆ. ಇಷ್ಟು ಚಿಕ್ಕ ಪ್ರಸಂಗಕ್ಕೆ ಅಷ್ಟು ತಯಾರಿ ಯಾಕೆ ಬೇಕಿತ್ತು ಎಂದು ನಕ್ಕರು.

ಕಾಯಿಲೆ ಗುಣವಾಗಿಲ್ಲ, ಆಗುವುದೂ ಇಲ್ಲ. ಬಾಟಲಿ ಅದೇ, ಸೂಜಿ ಅದೇ. ಕೆಲವು ದಿನ ಸಾಕು ಅನ್ನಿಸುತ್ತದೆ. ಅನ್ನಿಸಿದರೆ ಈಗ ಸುಗುಣಾಳಿಗೆ ಹೇಳುತ್ತೇನೆ, ಇವತ್ತು ಬೇಡ ಅನ್ನಿಸ್ತಿದೆ ಎಂದು. ಅವಳು ಹೂಂ ಎನ್ನುತ್ತಾಳೆ, ಚಪ್ಪಲಿ ಮುಂದೆ ತಂದಿಡುತ್ತಾಳೆ. ನಿಮ್ಮಲ್ಲಿ ಯಾರಾದರೂ ಹೊಸದಾಗಿ ಈ ಕುರ್ಚಿಗೆ ಬಂದಿದ್ದರೆ ನನಗೆ ಹೇಳಲು ಇರುವುದು ಇಷ್ಟೇ: ಒಬ್ಬರೇ ಹೋಗಬೇಡಿ. ಕರೆಯದೆಯೇ ಯಾರಾದರೂ ಜೊತೆಗೆ ಬರಲಿ ಎಂದು ಕಾಯಬೇಡಿ, ಕೇಳಿ.

ಮರುವರ್ಷದ ಶುಭ ಶುಕ್ರವಾರಕ್ಕೆ ಅಯ್ಯನವರು ಐದನೆಯ ಮಾತನ್ನು ರೂತ್‌ಗೆ ಕೊಟ್ಟರು. ತನಗೆ ಕನ್ನಡ ಬರುವುದಿಲ್ಲ ಎಂದು ಅವಳು ಕೊಸರಾಡಿದಳು. ಬರುವಷ್ಟು ಸಾಕು ಎಂದರಂತೆ. ನನಗೆ ತೋರಿಸು, ತಿದ್ದಿಕೊಡುತ್ತೇನೆ ಎಂದು ನಾಲಗೆಯ ತುದಿಯವರೆಗೆ ಬಂದಿತ್ತು, ಕಚ್ಚಿಕೊಂಡೆ. ಆ ಬೆಳಗ್ಗೆ ಮಧ್ಯದಲ್ಲಿ ಸುಸ್ತಾಗಿ ನಾನು ಹೊರಗೆ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತೆ. ಐದನೆಯ ಮಾತಿನ ಕೀರ್ತನೆ ಕೇಳಿ ಒಳಗೆ ಬಂದರೆ ನನ್ನ ಜಾಗದಲ್ಲಿ ಯಾರೋ ಕೂತಿದ್ದರು. ಎಲ್ಲ ಬೆಂಚೂ ತುಂಬಿತ್ತು. ಹಿಂದಿನ ಬೆಂಚಿನವರಿಗೆ ಸ್ವಲ್ಪ ಸರಿಯಿರಿ ಎಂದೆ. ಸರಿದರು. ಅಂಚಿನಲ್ಲಿ ಕೂತೆ.

ರೂತ್ ಪೀಠ ಹತ್ತಿ ನಿಂತಳು. ಮೈಕನ್ನು ತನ್ನ ಎತ್ತರಕ್ಕೆ ಎಳೆದುಕೊಂಡಳು.

"ಯೇಸುಗೆ ಬಾಯಾರಿಕೆ ಆಯ್ತು," ಎಂದಳು. "ಅವರು ಹೇಳಿದ್ರು. ನದಿ, ಸಮುಂದರ್, ಎಲ್ಲಾ ಮಾಡಿದವರು ಅವರೇ. ಫಿರ್ ಭೀ, ಆದ್ರೂ, ಕೇಳಿದ್ರು." ಹಿಂದಿನ ಬೆಂಚಿನ ಕಡೆ ನೋಡಿದಳು. "ಲಾಸ್ಟ್ ಇಯರ್ ನನ್ನ ಪಪ್ಪಾ ಇಲ್ಲಿ ನಿಂತು ಕೇಳಿದ್ರು. ಆ ದಿನ ನಂಗೆ ಈ ಮಾತು ಅರ್ಥ ಆಯ್ತು. ಇನ್ನು ಜಾಸ್ತಿ ನಂಗೆ ಕನ್ನಡ ಬರಲ್ಲ."

ಅಷ್ಟೇ. ಯಾರೂ ತಲೆದೂಗಲಿಲ್ಲ, ಯಾರೂ ಮುಂದಿನ ವಾಕ್ಯಕ್ಕೆ ಕಾಯಲೂ ಇಲ್ಲ. ಅವಳು ಇಳಿದು ನಡುದಾರಿಯಲ್ಲಿ ನನ್ನ ಕಡೆಗೇ ಬಂದಳು. ನಮ್ಮ ಬೆಂಚಿನಲ್ಲಿ ಜಾಗವಿರಲಿಲ್ಲ. ನಾನು ಪಕ್ಕದವರನ್ನು ಇನ್ನೊಂದು ಸಲ ಕೇಳಿದೆ.